ಬುತ್ತಿ ಬಿಚ್ಚಲು ಒಂದಿಷ್ಟು ಜಾಗ ಕೊಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಓದಲೆಂದು ಪರದೇಶಕ್ಕೆ ಹೊರಡುವ ಮಕ್ಕಳ ಸಾಮಾನಿನಲ್ಲಿ ಪುಸ್ತಕಕ್ಕಿಂತ ಭಾರವಾದದ್ದು ಬುತ್ತಿ. ಆ ಬುತ್ತಿಯನ್ನು ಬಿಚ್ಚಿ ನೋಡಿ ಇದು ಇಂಥವರ ಮನೆಯದು ಎಂದು ಹೇಳುವುದು ಕಷ್ಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ, ಶೇಂಗಾ ಹೋಳಿಗೆ. ಬಸಪ್ಪನ ಮನೆಯಿಂದ ಬಂದದ್ದೂ ಅದೇ, ಬಾಬಾಜಾನನ ಮನೆಯಿಂದ ಬಂದದ್ದೂ ಅದೇ. ಒಬ್ಬನ ತಾಯಿ ಅದನ್ನು ಬುತ್ತಿ ಎನ್ನುತ್ತಾಳೆ, ಇನ್ನೊಬ್ಬನ ತಾಯಿ ತೋಶಾ ಎನ್ನುತ್ತಾಳೆ. ಕಟ್ಟುವ ಕೈಗಳ ಅವಸರವೂ, ಕಣ್ಣಿನ ತೇವವೂ ಒಂದೇ.

ಖಡಕ್ ರೊಟ್ಟಿಯಲ್ಲಿ ನೀರಿನ ಪಸೆ ಉಳಿದಿರುವುದಿಲ್ಲ, ಅದಕ್ಕೇ ವಾರಗಟ್ಟಲೆ ಕೆಡುವುದಿಲ್ಲ. ಹೊಲಕ್ಕೆ, ಸಂತೆಗೆ, ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರ ಜೊತೆಗಿದ್ದ ಅಡುಗೆ ಅದು. ಈಗ ವಿಮಾನ ಹತ್ತಿದೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದ ಕಾನೂನು ನಮ್ಮಂಥ ದೇಶಗಳಿಂದ ಹಾಲಿನ, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ತರಲು ಬಿಡುವುದಿಲ್ಲ. ಹೀಗಾಗಿ ಧಾರವಾಡದ ಪೇಢೆ, ಬೆಳಗಾವಿಯ ಕುಂದಾ ಇಲ್ಲೇ ಉಳಿಯುತ್ತವೆ. ರೊಟ್ಟಿ ಮತ್ತು ಹಿಂಡಿ ಮಾತ್ರ ಸಮುದ್ರ ದಾಟುತ್ತವೆ. ತಂದದ್ದು ಮುಗಿದ ಮೇಲೆ ಹುಡುಕಾಟ ಶುರುವಾಗುತ್ತದೆ. ಲಂಡನ್ನಿನ ಗುಜರಾತಿ ಅಂಗಡಿಯಲ್ಲೋ ಬರ್ಮಿಂಗ್‌ಹ್ಯಾಮಿನ ಪಾಕಿಸ್ತಾನಿ ಅಂಗಡಿಯಲ್ಲೋ ಜೋಳದ ಹಿಟ್ಟಿನ ಪೊಟ್ಟಣ ಸಿಗುತ್ತದೆ. ಆದರೆ ಹಳೆಯ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ, ತಟ್ಟಿದರೆ ರೊಟ್ಟಿ ಹರಿಯುತ್ತದೆ. ಹರಿದ ರೊಟ್ಟಿಯನ್ನೇ ಬೇಯಿಸಿ ತಿಂದು ಮಕ್ಕಳು ತಾಯಿಗೆ ಫೋನು ಮಾಡುತ್ತಾರೆ.

ಇದನ್ನು ಉಳ್ಳವರ ಮಕ್ಕಳ ಹುಸಿ ಸಂಕಟ ಎನ್ನಬೇಡಿ. ಈಗ ಪರದೇಶಕ್ಕೆ ಹೋಗುವವರಲ್ಲಿ ಸಾಲ ಮಾಡಿ, ಹೊಲ ಅಡವಿಟ್ಟು ಹೋಗುವವರೇ ಬಹಳ. ಇಲ್ಲಿಯ ಖಾಸಗಿ ಕಾಲೇಜಿನ ವೈದ್ಯಕೀಯ ಸೀಟಿಗೆ ಕೊಡುವಷ್ಟು ಹಣವಿಲ್ಲದೆ ಉಕ್ರೇನಿಗೆ, ಜಾರ್ಜಿಯಾಕ್ಕೆ, ಕಿರ್ಗಿಸ್ತಾನಕ್ಕೆ ಹೋದವರಿದ್ದಾರೆ. ಹಾವೇರಿ ಜಿಲ್ಲೆಯ ಚಳಗೇರಿಯ ನವೀನ್ ಗ್ಯಾನಗೌಡರ ಅಂಥವರಲ್ಲಿ ಒಬ್ಬ. 2022ರ ಮಾರ್ಚ್ 1ರಂದು ಖಾರ್ಕೀವ್ ನಗರದಲ್ಲಿ ಯುದ್ಧದ ನಡುವೆ ಆಹಾರ ತರಲು ಹೊರಗೆ ಬಂದಿದ್ದಾಗ ಆತ ದಾಳಿಗೆ ಬಲಿಯಾದ. ಓದುವ ಮಕ್ಕಳ ಹಸಿವು ಎಷ್ಟು ದೊಡ್ಡದು ಎಂದು ಅಂದು ಇಡೀ ಕರ್ನಾಟಕಕ್ಕೆ ತಿಳಿಯಿತು. ಯಾರೂ ಆ ಹಸಿವಿನ ಜಾತಿ ಕೇಳಲಿಲ್ಲ.

ಪರದೇಶದಲ್ಲಿ ನಮ್ಮ ಮಕ್ಕಳ ಊಟದ ವಿಷಯ ಬಂದಾಗ ನಾವು ಹೀಗೆ ಒಂದಾಗುತ್ತೇವೆ. ಇನ್ನೊಂದು ಉದಾಹರಣೆ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಬೋಲ್ಡರ್ ಕ್ಯಾಂಪಸ್ಸಿನಲ್ಲಿ ಭಾರತದ ಸಂಶೋಧನಾ ವಿದ್ಯಾರ್ಥಿಯೊಬ್ಬ ತನ್ನ ವಿಭಾಗದ ಮೈಕ್ರೋವೇವ್‌ನಲ್ಲಿ ಪಾಲಕ್ ಪನೀರ್ ಬಿಸಿ ಮಾಡುತ್ತಿದ್ದ. ವಾಸನೆ ಬರುತ್ತದೆ, ಇಲ್ಲಿ ಬಿಸಿ ಮಾಡಬೇಡ ಎಂದು ಸಿಬ್ಬಂದಿಯೊಬ್ಬರು ತಡೆದರು. ಮಾತು ಬೆಳೆಯಿತು. ಅಲ್ಲೇ ಓದುತ್ತಿದ್ದ ಆತನ ಸಂಗಾತಿಯೂ ಸೇರಿ ಇಬ್ಬರೂ ತಮಗೆ ತಾರತಮ್ಯವಾಗಿದೆ ಎಂದು ನ್ಯಾಯಾಲಯಕ್ಕೆ ಹೋದರು. ವಿಶ್ವವಿದ್ಯಾಲಯ ತನ್ನ ತಪ್ಪನ್ನು ಒಪ್ಪಲಿಲ್ಲ. ಆದರೆ 2025ರಲ್ಲಿ ಎರಡು ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಸುದ್ದಿ ಬಂದಾಗ ನಮ್ಮಲ್ಲಿ ಎಷ್ಟೊಂದು ಸಂತೋಷ! ನಮ್ಮ ಅಡುಗೆಯನ್ನು ಹೀಯಾಳಿಸಿದವರಿಗೆ ಸರಿಯಾದ ಪಾಠವಾಯಿತೆಂದು ಎಲ್ಲ ಬಣ್ಣದವರೂ ಹೇಳಿದರು. ಆ ಸಂತೋಷದಲ್ಲಿ ತಪ್ಪಿಲ್ಲ. ಊಟದ ವಾಸನೆಯ ನೆಪದಲ್ಲಿ ಒಬ್ಬ ವಿದ್ಯಾರ್ಥಿಯನ್ನು ಕೀಳಾಗಿ ಕಾಣುವುದು ಅನ್ಯಾಯವೇ.

ಈಗ ಅದೇ ಸಂತೋಷಪಟ್ಟವರನ್ನು ಒಂದು ಮಾತು ಕೇಳಬೇಕಾಗಿದೆ. ಕೊಲರಾಡೊದಲ್ಲಿ ಅನ್ಯಾಯವಾದದ್ದು ಬೆಂಗಳೂರಿನಲ್ಲಿ, ಬೆಳಗಾವಿಯಲ್ಲಿ, ಧಾರವಾಡದಲ್ಲಿ ಹೇಗೆ ಸಂಪ್ರದಾಯವಾಗುತ್ತದೆ?

‘ಬಾಡಿಗೆಗೆ ಇದೆ - ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡು ಓದದೆ ಕೋಣೆ ಹುಡುಕಿದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಇದ್ದಾನೆಯೇ? ರಾಮದುರ್ಗದ ಹುಡುಗನಿಗೆ ಬೆಂಗಳೂರು ಕೂಡ ಪರದೇಶವೇ. ಭಾಷೆ ಒಂದೇ ಆದರೂ ಮಾತಿನ ಧಾಟಿ ಬೇರೆ, ಊಟ ಬೇರೆ, ಮುಖಗಳು ಬೇರೆ. ನಮ್ಮ ಓಣಿಯ ಹುಡುಗನೊಬ್ಬ ಅಲ್ಲಿ ಓದಲು ಹೋಗಿ ಕೋಣೆಗಾಗಿ ಫೋನು ಮಾಡಿದ. ಕೋಣೆ ಖಾಲಿ ಇತ್ತು. ಮಾಲೀಕರು ಮೊದಲು ಕೇಳಿದ್ದು, “ವೆಜ್ಜಾ, ನಾನ್‌ವೆಜ್ಜಾ?” ಹುಡುಗ ಹೇಳಿದ: “ಕೋಣ್ಯಾಗ ಮಾಂಸದ ಅಡಗಿ ಮಾಡೂದಿಲ್ರೀ. ಊರಿಂದ ರೊಟ್ಟಿ ಬರ್ತಾವು, ಒಂದು ಪಲ್ಯಾ ಮಾಡ್ಕೋತೀನಿ.” ಮಾಲೀಕರಿಗೆ ಬಹಳ ಖುಷಿಯಾಯಿತು. ಆಮೇಲೆ ಹೆಸರು ಕೇಳಿದರು. ಹೆಸರು ಹೇಳಿದ ಮೇಲೆ, “ತಡೀಪ್ಪಾ, ಮನೆಯಲ್ಲಿ ಕೇಳಿ ಹೇಳ್ತೀನಿ” ಎಂದರು. ಮನೆಯಲ್ಲಿ ಕೇಳಲು ಹೋದವರು ಇನ್ನೂ ಹೇಳಿಲ್ಲ.

ಅಂದರೆ ಪ್ರಶ್ನೆ ಮಾಂಸದ್ದಲ್ಲ. ‘ಏನು ತಿನ್ನುತ್ತೀರಿ’ ಎಂಬುದು ‘ನೀವು ಯಾವ ಪೈಕಿ’ ಎಂದು ಕೇಳುವ ಸಭ್ಯ ದಾರಿ. ಜಾತಿ ಕೇಳಲು ನಾಚಿಕೆಯಾಗುವ ಕಾಲದಲ್ಲಿ ಊಟ ಕೇಳುತ್ತಾರೆ. ಇದರಲ್ಲಿ ಮುಸ್ಲಿಮರು ಮಾತ್ರ ಸಿಕ್ಕಿಬೀಳುವುದಿಲ್ಲ. ದಲಿತರು, ಕ್ರೈಸ್ತರು, ಮಾಂಸ ಉಣ್ಣುವ ಎಷ್ಟೋ ಹಿಂದುಳಿದ ಜಾತಿಯವರು ಅದೇ ಬಲೆಯಲ್ಲಿದ್ದಾರೆ. ಸವದತ್ತಿಯ ಕುರುಬರ ಹುಡುಗನೂ ಬೈಲಹೊಂಗಲದ ಮಾದರ ಹುಡುಗಿಯೂ ನಗರಕ್ಕೆ ಬಂದೊಡನೆ ತಮ್ಮ ಭಾನುವಾರದ ಊಟವನ್ನು ಬಚ್ಚಿಡಲು ಕಲಿಯುತ್ತಾರೆ. ವಿದ್ಯೆಗೆಂದು ಬಂದ ಮಕ್ಕಳಿಗೆ ನಗರ ಕಲಿಸುವ ಮೊದಲ ಪಾಠ ಸುಳ್ಳು ಹೇಳುವುದು.

ನಮ್ಮ ಓಣಿಯ ಆ ಹುಡುಗ ಈಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಅಲ್ಲಿಯೂ ಕೋಣೆ ಸುಲಭಕ್ಕೆ ಸಿಗಲಿಲ್ಲ, ತಿಂಗಳುಗಟ್ಟಲೆ ಕಾಯಬೇಕಾಯಿತು. ಆದರೆ ಏನು ತಿನ್ನುತ್ತೀ ಎಂದು ಯಾರೂ ಕೇಳಲಿಲ್ಲವಂತೆ. ಕೇಳಿದ್ದು ಬಾಡಿಗೆ ಕಟ್ಟಲು ದುಡ್ಡಿದೆಯೇ ಎಂದು. ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಯಾವುದರಲ್ಲಿ ಹಂದಿ ಮಾಂಸವಿದೆ, ಯಾವುದು ಬರೀ ತರಕಾರಿಯದು ಎಂದು ಬರೆದಿಟ್ಟಿರುತ್ತಾರೆ. ಬೇಕಾದದ್ದನ್ನು ಬಡಿಸಿಕೊಂಡು ಎಲ್ಲರೂ ಒಂದೇ ಮೇಜಿಗೆ ಕೂಡುತ್ತಾರೆ. ಪಶ್ಚಿಮದ ದೇಶಗಳೆಲ್ಲ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಫ್ರಾನ್ಸಿನ ಶಾಲೋ-ಸುರ್-ಸೋನ್ ಎಂಬ ಊರಿನ ಮೇಯರ್ 2015ರಲ್ಲಿ ಶಾಲೆಗಳಲ್ಲಿ ಹಂದಿ ಮಾಂಸದ ಬದಲಿಗೆ ಕೊಡುತ್ತಿದ್ದ ಊಟವನ್ನು ಸೆಕ್ಯುಲರಿಸಂ ಹೆಸರಿನಲ್ಲಿ ನಿಲ್ಲಿಸಿದ. ಎಲ್ಲರಿಗೂ ಒಂದೇ ಊಟ ಎನ್ನುವುದು ಅವನ ವಾದ. 2020ರಲ್ಲಿ ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯ, ಬದಲಿ ಊಟ ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಕೊಟ್ಟರೆ ಸೆಕ್ಯುಲರಿಸಂಗೆ ಧಕ್ಕೆಯೂ ಇಲ್ಲ ಎಂದು ಹೇಳಿತು. ‘ಎಲ್ಲರಿಗೂ ಒಂದೇ’ ಎಂಬ ಮಾತು ಕೇಳಲು ಸಮಾನತೆಯಂತಿದೆ. ಆ ‘ಒಂದು’ ಯಾರದು ಎಂದು ಕೇಳಿದಾಗ ಅದರ ಬಣ್ಣ ಬಯಲಾಗುತ್ತದೆ.

ಪರದೇಶದಲ್ಲಿ ಓದಿದ ಇಬ್ಬರು ದೊಡ್ಡ ಭಾರತೀಯರನ್ನು ಇಲ್ಲಿ ನೆನೆಯಬೇಕು. 1888ರಲ್ಲಿ ಲಂಡನ್ನಿಗೆ ಹೋದ ಮೋಹನದಾಸ ಗಾಂಧಿ ಮಾಂಸ ಮುಟ್ಟುವುದಿಲ್ಲವೆಂದು ತಾಯಿಯೆದುರು ಪ್ರತಿಜ್ಞೆ ಮಾಡಿದ್ದರು. ಹಡಗಿನಲ್ಲಿ ಮನೆಯಿಂದ ತಂದ ಸಿಹಿ ತಿಂದರು. ಲಂಡನ್ನಿನಲ್ಲಿ ಇನ್ನೆರಡು ತುಂಡು ಬ್ರೆಡ್ಡು ಬೇಕೆಂದು ಕೇಳಲು ನಾಚಿ ಅರೆಹೊಟ್ಟೆಯಲ್ಲಿ ಎದ್ದರು. ಊರೆಲ್ಲ ಅಲೆದು ಕೊನೆಗೆ ಫ್ಯಾರಿಂಗ್ಡನ್ ಬೀದಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಸಿಕ್ಕಾಗ ಮಗುವಿನಂತೆ ಹಿಗ್ಗಿದರು. ಮಾಂಸ ತಿನ್ನುವವರ ಆ ನಗರ ಅವರನ್ನು ಹೊರಗೆ ದೂಡಲಿಲ್ಲ. ಅಲ್ಲಿಯ ಸಸ್ಯಾಹಾರಿ ಸಂಘ ತನ್ನ ಕಾರ್ಯಕಾರಿ ಸಮಿತಿಗೆ ಅವರನ್ನು ಸೇರಿಸಿಕೊಂಡಿತು. ಅಲ್ಪಸಂಖ್ಯಾತನೊಬ್ಬ ತನ್ನ ಊಟವನ್ನು ಉಳಿಸಿಕೊಂಡ ಕಥೆ ಇದು. ಸಸ್ಯಾಹಾರಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೇಳಲಿ. ಆದರೆ ಲಂಡನ್ನಿನಲ್ಲಿ ಗಾಂಧಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಗೌಸ್‌ಸಾಬನ ಮಗನಿಗೂ ಸಿಗಬೇಕಲ್ಲವೇ?

ಎರಡನೆಯವರು ಅಂಬೇಡ್ಕರ್. 1920ರ ನಂತರ ಲಂಡನ್ನಿನಲ್ಲಿ ಎರಡನೆಯ ಸಲ ಓದುತ್ತಿದ್ದಾಗ ಅವರ ಊಟ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ರಾತ್ರಿ ಹತ್ತರ ಹೊತ್ತಿಗೆ ಹೊಟ್ಟೆ ಸುಡತೊಡಗಿದರೆ ಗುಜರಾತಿ ಪರಿಚಿತನೊಬ್ಬ ಕೊಟ್ಟಿದ್ದ ಹಪ್ಪಳಗಳಲ್ಲಿ ನಾಲ್ಕನ್ನು ತಗಡಿನ ಮೇಲೆ ಸುಟ್ಟು, ಒಂದು ಬಟ್ಟಲು ಹಾಲಿನೊಡನೆ ತಿಂದು ಮತ್ತೆ ಓದಲು ಕೂಡುತ್ತಿದ್ದರೆಂದು ಅವರ ಜೀವನಚರಿತ್ರೆ ಬರೆದ ಧನಂಜಯ ಕೀರ್ ಹೇಳುತ್ತಾರೆ. ಹಪ್ಪಳದ ಆ ಕೋಣೆ ಬಡವಾಗಿತ್ತು, ಆದರೂ ಕೋಣೆಯಿತ್ತು. ಅದಕ್ಕೂ ಮೊದಲು, 1917ರಲ್ಲಿ, ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಓದಿ ಬಂದ ಅದೇ ಅಂಬೇಡ್ಕರರಿಗೆ ಬರೋಡಾದಲ್ಲಿ ಇರಲು ಒಂದು ಮೂಲೆ ಸಿಕ್ಕಿರಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿ ಉಳಿದರು. ಗುಟ್ಟು ತಿಳಿದಾಗ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದರು. ಹಿಂದೂ ಗೆಳೆಯ, ಕ್ರೈಸ್ತ ಗೆಳೆಯ ಇಬ್ಬರೂ ನೆಪ ಹೇಳಿ ಜಾರಿಕೊಂಡರು. ಪರದೇಶ ಕೊಟ್ಟ ಕೋಣೆಯನ್ನು ಸ್ವದೇಶ ಕೊಡಲಿಲ್ಲ. ಇದು ನೂರು ವರ್ಷದ ಹಿಂದಿನ ಮಾತು ಎನ್ನುವವರು ಇಂದು ಬೇರೆ ಹೆಸರು ಹೇಳಿ ಕೋಣೆ ಹಿಡಿಯುವ ಹುಡುಗರನ್ನು ಕೇಳಿ ನೋಡಲಿ.

‘ಮನೆ ನಮ್ಮದು, ಷರತ್ತು ನಮ್ಮದು’ ಎಂದು ಮಾಲೀಕರು ಹೇಳುತ್ತಾರೆ. ನಿಮ್ಮ ಅಡುಗೆಮನೆ ನಿಮ್ಮದು, ಅದರೊಳಗೆ ಯಾರೂ ಕಾಲಿಡುವುದು ಬೇಡ. ಆದರೆ ಬಾಡಿಗೆ ಎಣಿಸಿಕೊಂಡು ಕೊಟ್ಟ ಕೋಣೆಯ ಒಲೆ ಬಾಡಿಗೆದಾರನದು. ‘ವಾಸನೆ ತಡೆಯಲಾಗದು’ ಎನ್ನುತ್ತಾರೆ. ಕೊಲರಾಡೊದವರಿಗೂ ಪಾಲಕ್ ಪನೀರಿನ ವಾಸನೆ ತಡೆಯಲಾಗಿರಲಿಲ್ಲ. ಒಣಮೆಣಸಿನಕಾಯಿ ಹುರಿದರೆ ಇಡೀ ಓಣಿ ಕೆಮ್ಮುತ್ತದೆ, ಯಾರೂ ಮನೆ ಬಿಡಿಸುವುದಿಲ್ಲ. ಮೂಗಿಗೆ ಜಾತಿ ಹುಟ್ಟಿನಿಂದ ಬರುವುದಿಲ್ಲ, ಕಲಿಸಿದ್ದರಿಂದ ಬರುತ್ತದೆ. ‘ಓದಲು ಬಂದವರಿಗೆ ಬಾಯಿಚಪಲ ಏಕೆ, ಸಿಕ್ಕಿದ್ದನ್ನು ತಿನ್ನಲಿ’ ಎಂದು ಹಿರಿಯರು ಹೇಳುತ್ತಾರೆ. ನಿಜವಾದ ರುಚಿ ಇರುವುದು ನಾಲಗೆಯಲ್ಲಲ್ಲ, ಮನಸ್ಸಿನಲ್ಲಿ ಎಂದು ಗಾಂಧಿಯೂ ಕಂಡುಕೊಂಡರು; ಮನೆಯಿಂದ ಬಂದ ಮಸಾಲೆ ಪದಾರ್ಥಗಳನ್ನೂ ಬಿಟ್ಟರು. ಆದರೆ ಬಿಟ್ಟವರು ಅವರೇ, ಬಿಡಿಸಿದವರು ಯಾರೂ ಅಲ್ಲ. ತಾನಾಗಿ ಬಿಟ್ಟರೆ ಅದು ವ್ರತ. ಇನ್ನೊಬ್ಬರು ಬಿಡಿಸಿದರೆ ಅದು ಶಿಕ್ಷೆ.

ಅತಿಥಿಯ ಊಟಕ್ಕೆ ತಕ್ಕಂತೆ ಅಡುಗೆ ಮಾಡುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. 2023ರ ಜೂನ್ 22ರಂದು ಅಮೆರಿಕದ ಶ್ವೇತಭವನದಲ್ಲಿ ನಮ್ಮ ಪ್ರಧಾನಿಗೆ ಔತಣ ಕೊಟ್ಟಾಗ, ಅವರು ಸಸ್ಯಾಹಾರಿ ಎಂದು ತರಕಾರಿಯ ಅಡುಗೆಯನ್ನೇ ಮುಖ್ಯವಾಗಿ ಮಾಡಿಸಿದರು, ಸಿರಿಧಾನ್ಯವನ್ನೂ ಬಡಿಸಿದರು. ಅದು ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೂ ಆಗಿತ್ತು. ನಮ್ಮವರಿಗೆ ಹೆಮ್ಮೆಯಾಯಿತು. ದೇಶದ ದೊಡ್ಡವರಿಗೆ ಪರದೇಶ ತೋರಿದ ಆ ಸೌಜನ್ಯವನ್ನು ದೇಶದೊಳಗೆ ಹದಿನೆಂಟು ವರ್ಷದ ವಿದ್ಯಾರ್ಥಿಗೆ ತೋರಿಸಲು ನಮಗೇನು ಅಡ್ಡಿ?

ಈ ಸೌಜನ್ಯವನ್ನು ನಾವು ವಾಷಿಂಗ್ಟನ್ನಿನಿಂದ ಕಲಿಯಬೇಕಾಗಿಯೂ ಇಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಮುಸ್ಲಿಮರ ಮದುವೆಯಾದರೆ ಲಿಂಗಾಯತ ನೆಂಟರಿಷ್ಟರಿಗೆಂದು ಬೇರೆ ಒಲೆ ಹೂಡುವ ಪದ್ಧತಿ ಇಂದಿಗೂ ಇದೆ. ಅವರದೇ ಪೈಕಿಯ ಅಡುಗೆಯವರು ಬಂದು ಬುಂದೆ, ಬದನೆಕಾಯಿ ಪಲ್ಯ, ಅನ್ನ ಸಾರು ಮಾಡುತ್ತಾರೆ. ಒಲೆ ಎರಡು, ಹಂದರ ಒಂದು. ಮೊಹರಂ ಬಂದಾಗ ಚೋಂಗೆ ಎರಡೂ ಕಡೆಯ ಮನೆಗಳಲ್ಲಿ ಆಗುತ್ತದೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಉಣ್ಣಲು ಕೂಡುವವರಲ್ಲಿ ಸಾಬರೂ ಇರುತ್ತಾರೆ. ನಿನ್ನ ಊಟ ನಿನಗಿರಲಿ, ನನ್ನ ಊಟ ನನಗಿರಲಿ, ಕೂಡುವುದು ಒಟ್ಟಿಗಿರಲಿ ಎಂಬ ಒಪ್ಪಂದ ಇದು. ಯಾರೂ ಬರೆದು ಸಹಿ ಹಾಕಿದ್ದಲ್ಲ. ಆ ಹಂದರದ ಹೊರಗೆ ದಲಿತರು ನಿಂತಿದ್ದರು ಎಂಬುದನ್ನು ಮರೆತು ಇದನ್ನು ಹಾಡಿ ಹೊಗಳಬಾರದು. ಹಂದರವನ್ನು ಇನ್ನೂ ಅಗಲ ಮಾಡಬೇಕಾಗಿತ್ತು. ನಾವು ಮಾಡುತ್ತಿರುವುದು ಅದನ್ನು ಕಿತ್ತುಹಾಕುವ ಕೆಲಸ.

ವಿದ್ಯಾರ್ಥಿಯ ಹೊಟ್ಟೆಯ ವಿಷಯದಲ್ಲಂತೂ ಈ ನಾಡು ಉದಾರವಾಗಿತ್ತು. ಬ್ರಾಹ್ಮಣರ ಬಡ ಮಕ್ಕಳು ವಾರಾನ್ನದ ಮೇಲೆ ಓದಿದರು. ಮಠಗಳು ಕಂತಿಭಿಕ್ಷೆ ಎತ್ತಿ ಪ್ರಸಾದ ನಿಲಯ ನಡೆಸಿದವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಜನವೋ. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಮತ ಕೇಳದೆ ಬಡಿಸಿದರು. ಮದರಸಾದ ಮುಸಾಫಿರ ಹುಡುಗರಿಗೆ ಮೊಹಲ್ಲಾದ ಮನೆಗಳು ಸರದಿಯಂತೆ ಊಟ ಕೊಟ್ಟವು. ಊಟವಿಲ್ಲದೆ ಓದಿಲ್ಲ ಎಂದು ತಿಳಿದಿದ್ದ ಅಂಬೇಡ್ಕರರು 1920ರ ದಶಕದ ಕೊನೆಯಲ್ಲಿ ದಲಿತ ಮಕ್ಕಳಿಗಾಗಿ ತೆರೆಸಿದ ವಿದ್ಯಾರ್ಥಿ ನಿಲಯಗಳಲ್ಲಿ ಧಾರವಾಡದ್ದೂ ಒಂದು. ಸವದತ್ತಿ, ಬೈಲಹೊಂಗಲದ ತಾಯಂದಿರು ಇಂದಿಗೂ ಧಾರವಾಡದಲ್ಲಿ, ಬೆಳಗಾವಿಯಲ್ಲಿ ಓದುವ ಮಕ್ಕಳಿಗೆ ಬೆಳಗಿನ ಬಸ್ಸಿಗೆ ರೊಟ್ಟಿ ಗಂಟು ಇಟ್ಟು ಕಳಿಸುತ್ತಾರೆ. ಕಂಡಕ್ಟರು ಅದು ಯಾರ ಗಂಟು ಎಂದು ನೋಡಿ ಬೇಡ ಎನ್ನುವುದಿಲ್ಲ. ಒಂದು ಕೆಂಪು ಬಸ್ಸಿಗೆ ಇರುವ ತಿಳುವಳಿಕೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಇಲ್ಲದಂತಾಗಿದೆ.

2023ರಲ್ಲಿ ಮುಂಬೈ ಐಐಟಿಯ ಹಾಸ್ಟೆಲಿನ ಊಟದ ಮನೆಯಲ್ಲಿ ಆರು ಮೇಜುಗಳನ್ನು ಸಸ್ಯಾಹಾರಿಗಳಿಗೆಂದು ಮೀಸಲಿಟ್ಟರು. ಪ್ರತಿಭಟಿಸಿದ್ದಕ್ಕೆ 10,000 ರೂಪಾಯಿ ದಂಡ ಹಾಕಿದರು. ಪಾತ್ರೆ ಬೇರೆ ಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ಪಕ್ಕದಲ್ಲಿ ಕುಳಿತವನ ತಟ್ಟೆ ಕಂಡರೆ ಮೈಲಿಗೆ ಎನ್ನುವುದು ಬೇಡಿಕೆಯಲ್ಲ, ಹಳೆಯ ರೋಗ. ಸೌಟು ಬೇರೆ ಇರಲಿ, ಪಂಕ್ತಿ ಬೇರೆ ಬೇಡ.

ಇದು ಸಾಧ್ಯವೇ ಎಂದು ಕೇಳುವವರು ನಮ್ಮ ಸರಕಾರಿ ಶಾಲೆಗಳನ್ನು ನೋಡಲಿ. 2021ರ ಡಿಸೆಂಬರಿನಲ್ಲಿ ವಿಜಯಪುರ ಮತ್ತು ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಎಷ್ಟು ಗದ್ದಲವಾಯಿತು! ಮಕ್ಕಳಲ್ಲಿ ಭೇದ ಹುಟ್ಟುತ್ತದೆ ಎಂದರು, ಧರ್ಮ ಕೆಡುತ್ತದೆ ಎಂದರು. ಗಂಗಾವತಿಯ ಒಬ್ಬ ಬಾಲಕಿ, ಮೊಟ್ಟೆ ತಮಗೆ ಬೇಕು, ಬೇಡ ಎನ್ನಲು ನೀವ್ಯಾರು ಎಂಬ ಅರ್ಥದಲ್ಲಿ ಎದ್ದು ಕೇಳಿದಳು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಕ್ಕೆ ಏರಿತು. ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಮಕ್ಕಳಿಗೆ ಇದು ತಕ್ಷಣ ಅರ್ಥವಾಯಿತು. ಅರ್ಥವಾಗದೇ ಇದ್ದದ್ದು ದೊಡ್ಡವರಿಗೆ.

ಇನ್ನು ನಮ್ಮವರಿಗೂ ಎರಡು ಮಾತು ಹೇಳಬೇಕು. ಹಕ್ಕು ಕೇಳುವವರು ಹಕ್ಕು ಕೊಡುವುದರಲ್ಲೂ ಮುಂದಿರಬೇಕು. ಮುಸ್ಲಿಮರು ನಡೆಸುವ ಕಾಲೇಜು, ಹಾಸ್ಟೆಲುಗಳಲ್ಲಿ ಓದುವ ಲಿಂಗಾಯತ, ಜೈನ, ಬ್ರಾಹ್ಮಣ ಮಕ್ಕಳಿಗೆ ನಾವು ಬೇರೆ ಪಾತ್ರೆ, ಬೇರೆ ಸೌಟು ಇಟ್ಟಿದ್ದೇವೆಯೇ? ಬಿರಿಯಾನಿಯೊಳಗಿನ ತುಂಡು ತೆಗೆದು ಉಳಿದದ್ದು ಸಸ್ಯಾಹಾರ ಎಂದು ಬಡಿಸುವ ಅಡುಗೆಯವನನ್ನು ನಾವು ಗದರಿಸಿದ್ದೇವೆಯೇ? ನಮ್ಮ ಮದುವೆಯ ಹಂದರದಲ್ಲಿ ಅಜ್ಜಂದಿರು ತೋರುತ್ತಿದ್ದ ಎಚ್ಚರ ನಮ್ಮ ಸಂಸ್ಥೆಗಳಲ್ಲಿ ಇಲ್ಲದಿದ್ದರೆ ಬೆಂಗಳೂರಿನ ಮಾಲೀಕನನ್ನು ಬೈಯುವ ಬಾಯಿ ನಮಗೆ ಎಲ್ಲಿಂದ ಬರಬೇಕು?

ಎರಡನೆಯದು ನಮ್ಮ ಗಂಡುಮಕ್ಕಳ ಮಾತು. ಅಮ್ಮಿಯ ಕೈಯಡುಗೆ ಎಂದು ಪರದೇಶದಲ್ಲಿ ಕಣ್ಣೀರಿಡುವ ಮಗ ಊರಲ್ಲಿದ್ದಾಗ ಒಂದು ದಿನವೂ ಒಲೆಯ ಮುಂದೆ ನಿಂತಿರುವುದಿಲ್ಲ. ಕುದಿಯುವ ನೀರು ಹೊಯ್ದು ಹಿಟ್ಟು ನಾದಿ, ತಟ್ಟಿ, ಹಂಚಿನ ಮೇಲೆ ಸುಟ್ಟು, ಮತ್ತೆ ಒಣಗಿಸಿ ನೂರು ಖಡಕ್ ರೊಟ್ಟಿ ಮಾಡುವುದೆಂದರೆ ತಾಯಿಗೆ ಎರಡು ದಿನದ ದುಡಿಮೆ. ಅದು ವಾತ್ಸಲ್ಯ ನಿಜ. ಅದು ಭುಜದ ನೋವೂ ಹೌದು. ಹೆಣ್ಣುಮಗಳಿಗೆ ಗಂಡನ ಮನೆಗೆಂದು ಅಡುಗೆ ಕಲಿಸುತ್ತೇವೆ, ಗಂಡುಮಗನಿಗೆ ಪರದೇಶಕ್ಕೆಂದಾದರೂ ಕಲಿಸಬಾರದೇ? ಹತ್ತು ಡಬ್ಬಿ ಹಿಂಡಿಗಿಂತ ಹಿಂಡಿ ಕುಟ್ಟುವ ಕೈ ಹೆಚ್ಚು ದಿನ ಬಾಳಿಕೆ ಬರುತ್ತದೆ. ಅದಕ್ಕೆ ಯಾವ ದೇಶದ ಕಸ್ಟಮ್ಸಿನವರೂ ಅಡ್ಡಿ ಮಾಡುವುದಿಲ್ಲ.

ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಪ್ರತಿ ಹಾಸ್ಟೆಲಿನಲ್ಲಿ ಮಕ್ಕಳು ಮನೆಯಿಂದ ತಂದದ್ದನ್ನು ಬಿಸಿ ಮಾಡಿಕೊಳ್ಳಲು ಒಂದು ಒಲೆ, ಬಿಚ್ಚಿ ಉಣ್ಣಲು ಒಂದು ಮೇಜು ಇರಲಿ. ವಾರದ ಊಟದ ಪಟ್ಟಿ ಬರೆಯುವ ಮುನ್ನ ಉಣ್ಣುವವರನ್ನು ಒಂದು ಮಾತು ಕೇಳಲಿ. ಜೋಳ ಬೆಳೆಯುವ ಸೀಮೆಯ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿ ಅಪರೂಪದ ತಿನಿಸಾಗದಿರಲಿ. ಕೋಣೆ ಕೊಡುವವರು ಬಾಡಿಗೆ ಕೇಳಲಿ, ನಡತೆ ಕೇಳಲಿ, ಅಡುಗೆ ಕೇಳುವುದನ್ನು ನಿಲ್ಲಿಸಲಿ. ಹೀಗೆ ಮಾಡಲು ಆಗದವರು ಇನ್ನು ಮುಂದೆ ಕೊಲರಾಡೊದ ಪಾಲಕ್ ಪನೀರಿಗಾಗಿ ಚಪ್ಪಾಳೆ ತಟ್ಟುವುದನ್ನಾದರೂ ಬಿಡಲಿ.